ಮನೆಯಲ್ಲೇ ನುಂಗುವ ಕೀಮೋ ಮಾತ್ರೆ: ಹೇಗೆ ತೆಗೆದುಕೊಳ್ಳಬೇಕು, ಯಾವಾಗ ನಿಲ್ಲಿಸಿ ಫೋನ್ ಮಾಡಬೇಕು?

ಹೇಮಾವತಿ ದಂಡೆ, ಹಾಸನ:

ನಮ್ಮ ತಾಯಿಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ, ಹೊಲಿಗೆ ಮಾಗಿದ ಮೇಲೆ, ಕಾಯಿಲೆ ಮರುಕಳಿಸದಿರಲೆಂದು ಕ್ಯಾಪೆಸಿಟಾಬಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. 500 ಮಿಲಿಗ್ರಾಂನ ಮೂರು ಮಾತ್ರೆ ಬೆಳಿಗ್ಗೆ, ಮೂರು ರಾತ್ರಿ, 14 ದಿನ ನುಂಗಿ 7 ದಿನ ಬಿಡಬೇಕು; ಹೀಗೆ ಎಂಟು ಸುತ್ತು. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ಡ್ರಿಪ್ ಇಲ್ಲ ಎಂದು ಕೇಳಿ ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಆದರೆ ಕೈಗೆ ಬಂದ ಸೂಚನಾ ಪತ್ರ ಪೂರ್ತಿ ಇಂಗ್ಲಿಷಿನಲ್ಲಿದೆ, ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವಿವರಿಸಿದ್ದು ಎರಡೇ ಮಾತು, ಅಮ್ಮನಿಗೆ ನೆನಪಿರುವುದು "ಊಟದ ನಂತರ" ಎಂಬುದಷ್ಟೇ.

ನನ್ನ ಪ್ರಶ್ನೆಗಳು ಚಿಕ್ಕವೇ ಆದರೂ ಕೇಳಲು ಯಾರೂ ಸಿಗುತ್ತಿಲ್ಲ. ಮಾತ್ರೆ ದಪ್ಪವಾಗಿದೆ, ಅಮ್ಮನಿಗೆ ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡಬಹುದೇ? ಏಕಾದಶಿಯ ದಿನ ಅವರು ಅನ್ನ ಮುಟ್ಟುವವರಲ್ಲ. ಆ ದಿನ ಹೇಗೆ? ಹೆರಿಗೆಗೆಂದು ತವರಿಗೆ ಬಂದಿರುವ ತಂಗಿಯೇ ಈಗ ಮಾತ್ರೆ ಎಣಿಸಿ ಕೊಡುತ್ತಿದ್ದಾಳೆ, ಅದರಿಂದ ತೊಂದರೆಯಿದೆಯೇ? ಸುಸ್ತು ಎಂದಾಗ ಊರಿನ ಡಾಕ್ಟರು ಬಿ-ಕಾಂಪ್ಲೆಕ್ಸ್ ಮತ್ತು ಒಂದು ಟಾನಿಕ್ ಬರೆದಿದ್ದಾರೆ, ಕೊಡಲೇ? ಇವೆಲ್ಲಕ್ಕಿಂತ ಮುಖ್ಯವಾದದ್ದು, ಅಮ್ಮ ಹಠದ ಹೆಂಗಸು. "ಶುರು ಮಾಡಿದ ಕೋರ್ಸ್ ಮುಗಿಸಲೇಬೇಕು, ಒಂದು ಹೊತ್ತೂ ತಪ್ಪಿಸುವುದಿಲ್ಲ" ಎನ್ನುತ್ತಾರೆ. ಇದು ಒಳ್ಳೆಯದೇ ಅಲ್ಲವೇ?

ಔಷಧಾಲಯದ ಕಿಟಕಿ, ಮೈಸೂರು:

ಕ್ಯಾನ್ಸರ್ ವಿಭಾಗವೊಂದರ ಔಷಧಾಲಯದಲ್ಲಿ ಕೆಲಸ ಮಾಡುವವನು ನಾನು. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಮಾತ್ರೆಯಿಂದ ತೊಂದರೆಗೊಳಗಾಗಿ ನಮ್ಮಲ್ಲಿಗೆ ಬರುವವರಲ್ಲಿ ಮರೆತು ಬಿಟ್ಟವರಿಗಿಂತ ಹಠ ಹಿಡಿದು ನುಂಗಿದವರೇ ಹೆಚ್ಚಾಗಿ ಕಾಣುತ್ತಾರೆ. ಆಂಟಿಬಯೋಟಿಕ್ ವಿಷಯದಲ್ಲಿ "ಕೋರ್ಸ್ ಅರ್ಧಕ್ಕೆ ನಿಲ್ಲಿಸಬೇಡಿ" ಎಂದು ನಾವೇ ವರ್ಷಗಟ್ಟಲೆ ಜನರಿಗೆ ಹೇಳಿಕೊಟ್ಟ ಪಾಠ ಇಲ್ಲಿ ತಿರುಗುಬಾಣವಾಗುತ್ತದೆ. ಡ್ರಿಪ್ ಮೂಲಕ ಕೀಮೋ ಕೊಡುವಾಗ ಪ್ರತಿ ಸಲವೂ ರಕ್ತಪರೀಕ್ಷೆ ನೋಡಿ, ಬಾಯಿ ತೆರೆಸಿ ನೋಡಿ, ಭೇದಿಯಾಗಿದೆಯೇ ಜ್ವರ ಬಂದಿತ್ತೇ ಎಂದು ಕೇಳಿ, ಏನಾದರೂ ಹದ ತಪ್ಪಿದ್ದರೆ ಅಂದಿನ ಬಾಟಲಿಯನ್ನೇ ತಡೆಹಿಡಿಯುತ್ತಾರೆ. ಮಾತ್ರೆಯ ವಿಷಯದಲ್ಲಿ ಹಾಗೆ ತಡೆಹಿಡಿಯುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ, ಅದೂ ದಿನಕ್ಕೆ ಎರಡು ಬಾರಿ. ಔಷಧದ ಬಲದಲ್ಲಿ ಮಾತ್ರ ಏನೂ ಕಡಿಮೆಯಿಲ್ಲ. ಕ್ಯಾಪೆಸಿಟಾಬಿನ್ ದೇಹದೊಳಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿ ಕೊನೆಗೆ 5-ಫ್ಲೂರೊಯುರಾಸಿಲ್ ಆಗುತ್ತದೆ, ಅಂದರೆ ದಶಕಗಳಿಂದ ಡ್ರಿಪ್‌ನಲ್ಲಿ ಕೊಡುತ್ತಿರುವ ಅದೇ ಮದ್ದು.

ಹಾಗಾದರೆ ಯಾವಾಗ ನಿಲ್ಲಿಸಬೇಕು? ಮಾಮೂಲಿಗಿಂತ ದಿನಕ್ಕೆ ನಾಲ್ಕು ಬಾರಿ ಹೆಚ್ಚಾಗಿ ಭೇದಿಯಾದರೆ, ಅಥವಾ ಒಂದೇ ಬಾರಿಯಾದರೂ ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ, ಮುಂದಿನ ಹೊತ್ತಿನ ಮಾತ್ರೆಯನ್ನು ಕೊಡದೆ ಫೋನ್ ಮಾಡಬೇಕು. 24 ಗಂಟೆಯೊಳಗೆ ಒಂದಕ್ಕಿಂತ ಹೆಚ್ಚು ಸಲ ವಾಂತಿ, ಊಟವೇ ಸೇರದಷ್ಟು ವಾಕರಿಕೆ, ತಿನ್ನಲು ಕುಡಿಯಲು ಆಗದಂತೆ ನೋಯುವ ಬಾಯಿಹುಣ್ಣು, ಅಂಗೈ ಅಂಗಾಲು ಕೆಂಪಗೆ ಊದಿ ನೋವು ಶುರುವಾಗುವುದು, ಇವುಗಳಿಗೂ ಅದೇ ನಿಯಮ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗುವವರೆಗೆ ಕಾಯುವ ರೂಢಿಯನ್ನು ಈ ಆರು ತಿಂಗಳ ಮಟ್ಟಿಗೆ ಬಿಟ್ಟುಬಿಡಿ. ಬಿಳಿ ರಕ್ತಕಣ ಕುಸಿದಿರುವಾಗ ಬರುವ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು, ಜ್ವರ ಇಳಿಸುವ ಮಾತ್ರೆ ಅದನ್ನು ಮರೆಮಾಚುತ್ತದೆ ಅಷ್ಟೇ. ಎದೆನೋವು ಬಂದರಂತೂ ಫೋನ್ ಮಾಡುತ್ತಾ ಕೂರದೆ ಮಾತ್ರೆ ನಿಲ್ಲಿಸಿ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ, ಯಾವ ಮಾತ್ರೆ ನಡೆಯುತ್ತಿದೆ ಎಂದು ಬಾಗಿಲಲ್ಲೇ ಹೇಳಬೇಕು, ಏಕೆಂದರೆ ಈ ಔಷಧ ಕೆಲವರಲ್ಲಿ ಹೃದಯದ ರಕ್ತನಾಳವನ್ನು ಸೆಟೆದುಕೊಳ್ಳುವಂತೆ ಮಾಡುತ್ತದೆ.

ನಿಮ್ಮ ಉಳಿದ ಪ್ರಶ್ನೆಗಳಿಗೆ ಬರುತ್ತೇನೆ. ಪುಡಿ ಮಾಡಬೇಡಿ, ಮುರಿಯಲೂ ಬೇಡಿ. ಮೇಲಿನ ಲೇಪ ಒಡೆದರೆ ಔಷಧದ ಧೂಳು ಕುಟ್ಟಿದವರ ಕೈಗೂ ಮೂಗಿಗೂ ಹೋಗುತ್ತದೆ, ಕುಟ್ಟಿದ ಒರಳಿನಲ್ಲಿ ಉಳಿಯುತ್ತದೆ, ನಾಳೆ ಅದೇ ಒರಳಿನಲ್ಲಿ ಏಲಕ್ಕಿ ಕುಟ್ಟುತ್ತೀರಿ. ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳದೆ ಒಂದೊಂದಾಗಿ, ನೆಟ್ಟಗೆ ಕುಳಿತು, ತುಂಬು ಲೋಟ ನೀರಿನಲ್ಲಿ ನುಂಗಲಿ. ಆಗಲೂ ಕಷ್ಟವಾದರೆ ಅದನ್ನು ವೈದ್ಯರಿಗೇ ಹೇಳಬೇಕು. ತಂಗಿಯವರು ಇಂದಿನಿಂದಲೇ ಈ ಕೆಲಸ ಬಿಡಬೇಕು, ಗರ್ಭಿಣಿಯರು ಈ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಬೇರೆ ಯಾರಾದರೂ ಕೈಗವಸು ಹಾಕಿಕೊಂಡು ಸಣ್ಣ ಬಟ್ಟಲಿಗೆ ಹಾಕಿ ಕೊಡಲಿ, ಆಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಲಿ. ಅಮ್ಮನೇ ಸ್ಟ್ರಿಪ್‌ನಿಂದ ತೆಗೆದು ನುಂಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಪಿ, ಸಕ್ಕರೆ ಮಾತ್ರೆಗಳ ಡಬ್ಬಿಗೆ ಇದನ್ನು ಬೆರೆಸಬೇಡಿ. ಮಾತ್ರೆ ನಡೆಯುವ ದಿನಗಳಲ್ಲಿ ಮತ್ತು ನಿಂತ ಮೇಲೆ ಎರಡು ದಿನ ಶೌಚಾಲಯಕ್ಕೆ ಎರಡು ಬಾರಿ ಧಾರಾಳವಾಗಿ ನೀರು ಹಾಕಿ. ವಾಂತಿ, ಮಲಮೂತ್ರ ತಾಗಿದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ.

ಊಟ ಮುಗಿದ 30 ನಿಮಿಷದೊಳಗೆ ನುಂಗಬೇಕೆಂಬ ನಿಯಮಕ್ಕೆ ಕಾರಣವಿದೆ. ಈ ಔಷಧದ ಪ್ರಯೋಗಗಳೆಲ್ಲ ನಡೆದಿರುವುದು ಹಾಗೆ, ಪ್ರಮಾಣ ಗೊತ್ತುಮಾಡಿರುವುದೂ ಅದರ ಮೇಲೆಯೇ. ಹಾಗಾಗಿ ಏಕಾದಶಿಗೆ ಅನ್ನವೇ ಆಗಬೇಕೆಂದಿಲ್ಲ, ಅವಲಕ್ಕಿಯೋ ಗೋಧಿ ಉಪ್ಪಿಟ್ಟೋ ಹಣ್ಣುಹಾಲೋ ಹೊಟ್ಟೆಗೆ ಬಿದ್ದಿದ್ದರೆ ಆಯಿತು. ನಿರಾಹಾರ ಮಾತ್ರ ಬೇಡ. ಬೆಳಗಿನದಕ್ಕೂ ರಾತ್ರಿಯದಕ್ಕೂ ಸುಮಾರು 12 ಗಂಟೆ ಅಂತರವಿರಲಿ.

ಬಿ-ಕಾಂಪ್ಲೆಕ್ಸ್ ಮತ್ತು ಟಾನಿಕ್ ಬಗ್ಗೆ ನೀವು ಕೇಳಿದ್ದು ಪುಣ್ಯ. ಎರಡರ ಲೇಬಲ್‌ನಲ್ಲಿಯೂ ಫೋಲಿಕ್ ಆಮ್ಲ ಇದೆಯೇ ನೋಡಿ. ಫೋಲಿಕ್ ಆಮ್ಲ ಸೇರಿದ ಫೋಲೇಟ್ ವರ್ಗದ ವಸ್ತುಗಳು ಫ್ಲೂರೊಯುರಾಸಿಲ್‌ನ ಹಿಡಿತವನ್ನು ಬಿಗಿಗೊಳಿಸುತ್ತವೆ. ಡ್ರಿಪ್ ಚಿಕಿತ್ಸೆಯಲ್ಲಿ ಅದೇ ಕಾರಣಕ್ಕೆ ಲ್ಯೂಕೊವೊರಿನ್ ಎಂಬ ಫೋಲೇಟನ್ನು ಲೆಕ್ಕ ಹಾಕಿ ಜೊತೆಗೆ ಕೊಡುತ್ತಾರೆ. ಲೆಕ್ಕವಿಲ್ಲದೆ ಟಾನಿಕ್ ರೂಪದಲ್ಲಿ ಸೇರಿದರೆ ಭೇದಿ, ಬಾಯಿಹುಣ್ಣು ಜೋರಾಗುತ್ತವೆ. ಕ್ಯಾನ್ಸರ್ ವೈದ್ಯರನ್ನು ಕೇಳುವವರೆಗೆ ಎರಡನ್ನೂ ಕೊಡಬೇಡಿ. ಮನೆಯ ಸೊಪ್ಪುಸಾರು, ಬಸ್ಸಾರಿಗೆ ಇದು ಅನ್ವಯಿಸುವುದಿಲ್ಲ, ಅದನ್ನು ಎಂದಿನಂತೆ ಊಟ ಮಾಡಲಿ.

ತೋಟದವರು, ತೀರ್ಥಹಳ್ಳಿ:

ನಾನು ಇದೇ ಮಾತ್ರೆಯ ಎಂಟೂ ಸುತ್ತು ಮುಗಿಸಿದವನು. ಪುಸ್ತಕದಲ್ಲಿ "ಕೈಕಾಲು ಸಿಂಡ್ರೋಮ್" ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ, ಆದರೆ ದಿನದ ಬದುಕಿಗೆ ಹೆಚ್ಚು ಅಡ್ಡ ಬರುವುದು ಅದೇ; ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲು ನೋವೇನೂ ಇರುವುದಿಲ್ಲ. ಅಂಗೈ ಎಣ್ಣೆ ಹಚ್ಚಿದಂತೆ ಮಿರುಗತೊಡಗುತ್ತದೆ, ಗೆರೆಗಳು ಕಪ್ಪಾಗುತ್ತವೆ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ನಮ್ಮಂಥ ಕೃಷಿಕರು ಇದನ್ನು ಅಡಿಕೆಯ ಕಲೆ, ಬಿಸಿಲಿನ ಕಪ್ಪು ಎಂದುಕೊಂಡು ಬಿಡುತ್ತೇವೆ. ಆಮೇಲೆ ಬಿಸಿ ಕಾಫಿ ಲೋಟ ಹಿಡಿಯಲು ಆಗುವುದಿಲ್ಲ, ಚಪ್ಪಲಿಯ ಉಂಗುಷ್ಠ ತಾಗುವ ಜಾಗ ಉರಿಯುತ್ತದೆ, ಹಿಮ್ಮಡಿಯ ಚರ್ಮ ಹಾಳೆಯಂತೆ ಏಳುತ್ತದೆ. ವೈದ್ಯರಿಗೆ ತೋರಿಸಬೇಕಾದದ್ದು ಉರಿ ಶುರುವಾದಾಗ, ಚರ್ಮ ಎದ್ದ ಮೇಲೆ ಅಲ್ಲ.

ಉಪಯೋಗಕ್ಕೆ ಬಂದ ಸಂಗತಿಗಳನ್ನು ಹೇಳುತ್ತೇನೆ. ನಮ್ಮ ಕಡೆಯ ಬಚ್ಚಲಿನಲ್ಲಿ ಹಂಡೆಯ ಕುದಿನೀರು ಹೊಯ್ದುಕೊಳ್ಳುವ ಅಭ್ಯಾಸವನ್ನು ಬಿಡಬೇಕು, ಉಗುರುಬೆಚ್ಚಗಿನ ನೀರು ಸಾಕು. ಬಿಸಿ ತಾಗಿದಷ್ಟೂ ಅಂಗೈಯ ರಕ್ತನಾಳಗಳು ಅರಳಿ ಕೆಂಪು ಹೆಚ್ಚುತ್ತದೆ. ಕತ್ತಿ, ಗುದ್ದಲಿ, ಪಾತ್ರೆ ತಿಕ್ಕುವುದು, ಬಟ್ಟೆ ಹಿಂಡುವುದು, ಅಂದರೆ ಅಂಗೈಗೆ ಒತ್ತಿ ಉಜ್ಜುವ ಯಾವ ಕೆಲಸವೂ ಮಾತ್ರೆಯ ದಿನಗಳಲ್ಲಿ ಬೇಡ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು, ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡವೇ ಬೇಡ. ಯೂರಿಯಾ ಇರುವ ಮುಲಾಮನ್ನು ತೋರಿಕೆಗೆ ಸವರದೆ, ತೇವವಿರುವಾಗಲೇ ದಿನಕ್ಕೆ ಹಲವು ಬಾರಿ ಹಚ್ಚಿ ರಾತ್ರಿ ಹತ್ತಿಯ ಕಾಲುಚೀಲ ಹಾಕಿ ಮಲಗಬೇಕು.

ಇನ್ನೊಂದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಬೆರಳಚ್ಚು ಅಳಿಸಿಹೋಗುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ, ಒರೆಸಿ ಇಟ್ಟರೂ ಕೆಂಪು, ಎಡಗೈಯದೂ ಕೆಂಪು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಿರುವಾಗ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿ ಸುಳಿಯೂ ಇಲ್ಲ, ಗೆರೆಯೂ ಇಲ್ಲ, ನುಣ್ಣಗಿನ ಚರ್ಮ ಅಷ್ಟೇ. ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಮೊದಲ ಸುತ್ತಿಗೆ ಮುಂಚೆಯೇ ಜೋಡಿಸಿಡಿ, ಒಟಿಪಿ ಅಥವಾ ಕಣ್ಣಿನ ಪಾಪೆಯ ದಾರಿ ಇದೆಯೇ ಎಂದು ವಿಚಾರಿಸಿಡಿ. ನಿವೃತ್ತಿ ವೇತನದವರಿಗೆ ಜೀವನ್ ಪ್ರಮಾಣಕ್ಕೆ ಮುಖ ಗುರುತಿಸುವ ವ್ಯವಸ್ಥೆ 2021ರಿಂದ ಇದೆ. ಚಿಕಿತ್ಸೆ ಮುಗಿದ ಮೇಲೆ ನನ್ನ ಗೆರೆಗಳು ನಿಧಾನವಾಗಿ ಮರಳಿದವು.

ಔಷಧಾಲಯದ ಕಿಟಕಿ, ಮೈಸೂರು:

ತೋಟದವರು ಹೇಳಿದ ಬೆರಳಚ್ಚಿನ ವಿಷಯ ವೈದ್ಯಕೀಯ ದಾಖಲೆಯಲ್ಲೇ ಇದೆ. 2008ರಲ್ಲಿ ಸಿಂಗಪುರದ 62 ವರ್ಷದ ರೋಗಿಯೊಬ್ಬರನ್ನು ಇದೇ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸುಮಾರು ನಾಲ್ಕು ಗಂಟೆ ತಡೆದು ನಿಲ್ಲಿಸಿದ್ದರು. ಅವರ ವೈದ್ಯರು ಅದನ್ನು ಮರುವರ್ಷ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದೇಶದಲ್ಲಿರುವ ಮಕ್ಕಳ ಬಳಿಗೆ ಹೋಗುವವರು ವೈದ್ಯರ ಪತ್ರವೊಂದನ್ನು ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಂಗೈ ಉರಿಯ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಒಳ್ಳೆಯ ಅಧ್ಯಯನವಿದೆ. ದೆಹಲಿಯ ಏಮ್ಸ್‌ನ ವೈದ್ಯರು ಕ್ಯಾಪೆಸಿಟಾಬಿನ್ ತೆಗೆದುಕೊಳ್ಳುವ 264 ಮಂದಿಯಲ್ಲಿ, ಅರ್ಧದಷ್ಟು ಜನರಿಗೆ ಮೊದಲಿನಿಂದಲೇ ನೋವಿಗೆ ಹಚ್ಚುವ 1 ಪ್ರತಿಶತದ ಡೈಕ್ಲೋಫೆನಾಕ್ ಜೆಲ್ ಅನ್ನು ಕೈಗೆ ಹಚ್ಚಿಸಿ ನೋಡಿದರು. ಜೆಲ್ ಹಚ್ಚಿದವರಲ್ಲಿ ಕೆಲಸಕ್ಕೆ ಅಡ್ಡಿಯಾಗುವಷ್ಟು ತೊಂದರೆ 3.8 ಪ್ರತಿಶತ ಜನರಿಗೆ ಕಾಣಿಸಿತು, ಔಷಧವಿಲ್ಲದ ಬರಿಯ ಜೆಲ್ ಹಚ್ಚಿದವರಲ್ಲಿ 15 ಪ್ರತಿಶತ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತುವೇ ಆದರೂ ಕೇಳಿಯೇ ಹಚ್ಚಿ. ಇದಕ್ಕೆ ಬಿ6 ಮಾತ್ರೆ ಬರೆಯುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಇದೆ, ಆದರೆ ಸರಿಯಾಗಿ ಪರೀಕ್ಷಿಸಿದಾಗ ಅದು ಈ ತೊಂದರೆಯನ್ನು ತಡೆಯಲಿಲ್ಲ.

ಒಂದು ಅನುಮಾನ, ದಾವಣಗೆರೆ:

ಮೇಲಿನವರು "ನಿಲ್ಲಿಸಿ, ನಿಲ್ಲಿಸಿ" ಎಂದು ಬರೆದಿರುವುದನ್ನು ಓದಿ ನನಗೆ ಕಸಿವಿಸಿಯಾಯಿತು. ನಮ್ಮ ಜನಕ್ಕೆ ಮೊದಲೇ ಕೀಮೋ ಎಂದರೆ ಭಯ. ಸ್ವಲ್ಪ ಹೊಟ್ಟೆ ಕೆಟ್ಟ ಕೂಡಲೇ ನಿಲ್ಲಿಸಬಹುದು ಎಂದು ಹೇಳಿಕೊಟ್ಟರೆ ಅರ್ಧದಷ್ಟು ಮಂದಿ ಎರಡನೆಯ ಸುತ್ತಿಗೇ ಕೈಬಿಡುತ್ತಾರೆ. ಕ್ಯಾನ್ಸರ್ ಮರುಕಳಿಸಿದರೆ ಜವಾಬ್ದಾರಿ ಯಾರದು? ಬಿಟ್ಟ ಮಾತ್ರೆಗಳನ್ನು ವಿರಾಮದ ವಾರದಲ್ಲಿ ನುಂಗಿ ಲೆಕ್ಕ ಸರಿಮಾಡಿಕೊಂಡರಾದರೂ ಆಗುವುದಿಲ್ಲವೇ?

ಔಷಧಾಲಯದ ಕಿಟಕಿ, ಮೈಸೂರು:

ನಿಮ್ಮ ಆತಂಕ ನ್ಯಾಯವಾದದ್ದು, ಅದಕ್ಕಾಗಿ ಒಂದನ್ನು ಬಿಡಿಸಿ ಹೇಳಬೇಕು. ನಾನು ಹೇಳಿದ್ದು "ನಿಲ್ಲಿಸಿ ಸುಮ್ಮನಿರಿ" ಎಂದಲ್ಲ, "ನಿಲ್ಲಿಸಿ, ಅಂದೇ ಫೋನ್ ಮಾಡಿ" ಎಂದು. ಫೋನ್ ಮಾಡದೆ ಮನೆಯಲ್ಲೇ ತೀರ್ಮಾನಿಸಿ ವಾರಗಟ್ಟಲೆ ಬಿಡುವುದು ಹಠ ಹಿಡಿದು ನುಂಗುವುದರಷ್ಟೇ ಕೆಟ್ಟದ್ದು. ತೊಂದರೆ ಇಳಿಯುವವರೆಗೆ ತಡೆದು, ಅಗತ್ಯವಿದ್ದರೆ ಪ್ರಮಾಣ ಇಳಿಸಿ, ಮತ್ತೆ ಆರಂಭಿಸುವುದು ಈ ಚಿಕಿತ್ಸೆಯ ಯೋಜನೆಯೊಳಗೇ ಇರುವ ಕ್ರಮ. ಹಾಗೆ ತಡೆದ ಹೊತ್ತುಗಳನ್ನು ಆಮೇಲೆ ತುಂಬಿಕೊಡುವುದಿಲ್ಲ, ಸುತ್ತು ಎಂದು ಮುಗಿಯಬೇಕಿತ್ತೋ ಅಂದೇ ಮುಗಿಯುತ್ತದೆ. ಮರೆತು ತಪ್ಪಿದ ಹೊತ್ತಿಗೂ, ನುಂಗಿದ ಮೇಲೆ ವಾಂತಿಯಾದ ಹೊತ್ತಿಗೂ ಇದೇ ನಿಯಮ: ಮುಂದಿನ ಹೊತ್ತಿಗೆ ಎಷ್ಟಿದೆಯೋ ಅಷ್ಟೇ, ಎರಡರಷ್ಟು ಎಂದೂ ಇಲ್ಲ. ವಿರಾಮದ ವಾರ ಖಾಲಿ ವಾರವಲ್ಲ. ಕರುಳಿನ ಒಳಪದರ, ಬಾಯಿಯ ಚರ್ಮ, ಮೂಳೆಯೊಳಗಿನ ರಕ್ತ ತಯಾರಿ ಇವೆಲ್ಲ ಚೇತರಿಸಿಕೊಳ್ಳುವುದು ಆಗ. ಅದರೊಳಗೆ ಮಾತ್ರೆ ನುಂಗಿಸಿದರೆ ಮುಂದಿನ ಸುತ್ತನ್ನೇ ಕೈಯಾರೆ ಕಳೆದುಕೊಂಡಂತೆ.

ಬೇಗ ನಿಲ್ಲಿಸಬೇಕೆನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಔಷಧ ರಕ್ತದಿಂದ ಬಹಳ ಬೇಗ ಇಳಿಯುತ್ತದೆ, ಮುಕ್ಕಾಲು ಗಂಟೆಗೊಮ್ಮೆ ಅರ್ಧಕ್ಕರ್ಧ. ಆದರೆ ಇವತ್ತು ಕಾಣುವ ಭೇದಿ ಹಿಂದಿನ ಹಲವು ದಿನಗಳ ಮಾತ್ರೆಯ ಫಲ, ನಿನ್ನೆ ಇವತ್ತಿನ ಮಾತ್ರೆಯ ಫಲ ಇನ್ನೂ ಬರಬೇಕಿದೆ. ಹಾಗಾಗಿ ನಿಲ್ಲಿಸಿದ ಮೇಲೂ ಕೆಲವು ದಿನ ತೊಂದರೆ ಏರುತ್ತಲೇ ಹೋಗಬಹುದು. ಎರಡು ದಿನ ತಡಮಾಡಿದವರ ಎದುರು ಉಳಿಯುವುದು ಆ ಎರಡು ದಿನದ ಸಾಲ.

ಫೋನ್ ಯಾರಿಗೆ ಎಂಬುದನ್ನು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ಎತ್ತುವ ಸಂಖ್ಯೆ ಯಾವುದು, ಆಸ್ಪತ್ರೆ ದೂರವಿದ್ದರೆ ಹತ್ತಿರದಲ್ಲಿ ರಕ್ತಪರೀಕ್ಷೆ ಮಾಡಿ ಡ್ರಿಪ್ ಹಾಕಬಲ್ಲ ಜಾಗ ಯಾವುದು, ಇವನ್ನು ಬರೆಯಿಸಿಕೊಂಡು ಮಾತ್ರೆಯ ಪೆಟ್ಟಿಗೆಗೇ ಅಂಟಿಸಿಡಿ.

ಲೀಡ್ಸ್ ಕನ್ನಡಿಗ, ಇಂಗ್ಲೆಂಡ್:

ಇಲ್ಲಿನ ಆಸ್ಪತ್ರೆ ಔಷಧಾಲಯದಲ್ಲಿ ಕೆಲಸ ಮಾಡುವ ನನಗೆ ಒಂದು ಮಾತು ಸೇರಿಸಬೇಕೆನಿಸಿತು. ಫ್ಲೂರೊಯುರಾಸಿಲನ್ನು ದೇಹದಲ್ಲಿ ಒಡೆದು ಹೊರಹಾಕುವುದು ಡಿಪಿಡಿ ಎಂಬ ಕಿಣ್ವ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ, ತೀರ ಅಪರೂಪಕ್ಕೆ ಪೂರ್ತಿಯಾಗಿ ಇರುವುದೇ ಇಲ್ಲ. ಅಂಥವರಿಗೆ ಮಾಮೂಲಿ ಪ್ರಮಾಣವೇ ವಿಷವಾಗುತ್ತದೆ, ಅದೂ ಮೊದಲ ಸುತ್ತಿನಲ್ಲೇ. 2020ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಚಿಕಿತ್ಸೆಗೆ ಮುಂಚೆಯೇ ಇದನ್ನು ಪರೀಕ್ಷಿಸಬೇಕೆಂದು ಶಿಫಾರಸು ಮಾಡಿತು, ಇಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿಯೂ ಅದೇ ವರ್ಷದಿಂದ ಅದು ನಿತ್ಯದ ಕ್ರಮವಾಯಿತು. ನಮ್ಮ ಭಾರತದಲ್ಲಿ ಎಲ್ಲರಿಗೂ ಮಾಡುವುದಿಲ್ಲ, ಆದರೆ ಕೇಳುವುದರಲ್ಲಿ ತಪ್ಪೇನಿಲ್ಲ. ಇಲ್ಲಿ ಹುಡುಕುವ ನಾಲ್ಕು ವಂಶವಾಹಿ ಬದಲಾವಣೆಗಳು ಹೆಚ್ಚಾಗಿ ಯುರೋಪಿಯನ್ನರಲ್ಲಿ ಗುರುತಿಸಿದಂಥವು. ಆದ್ದರಿಂದ ವರದಿ "ಸರಿಯಿದೆ" ಎಂದು ಬಂದರೂ ಭಾರತೀಯರು ಅದನ್ನು ಪೂರ್ಣ ಅಭಯಹಸ್ತವೆಂದು ತಿಳಿಯಬಾರದು. ಹೇಮಾವತಿ ದಂಡೆಯವರು ಮೊದಲ ಸುತ್ತಿನ ಎರಡನೆಯ ವಾರವನ್ನು ಕಣ್ಣಿಟ್ಟು ಕಾಯಲಿ.

ಕೋಟೆ ಬಾಗಿಲು, ಬೀದರ್:

ನಮ್ಮ ತಂದೆಯವರಿಗೂ ಇದೇ ಮಾತ್ರೆ ಶುರುವಾಗುವುದರಲ್ಲಿದೆ. ಅವರಿಗೆ ಹಿಂದೆ ಹೃದಯದ ಕವಾಟ ಬದಲಿಸಿ ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ, ಚಿಕ್ಕಂದಿನಿಂದ ಫಿಟ್ಸ್‌ಗೆ ಫೆನಿಟೋಯಿನ್ ಕೂಡ ಇದೆ. ರಂಜಾನ್ ಉಪವಾಸದ ಬಗ್ಗೆಯೂ ಕೇಳಬೇಕಿದೆ.

ಔಷಧಾಲಯದ ಕಿಟಕಿ, ಮೈಸೂರು:

ಮೊದಲ ಮಾತ್ರೆ ನುಂಗುವ ಮುಂಚೆ ಈ ಎರಡನ್ನೂ ಕ್ಯಾನ್ಸರ್ ವೈದ್ಯರಿಗೂ ಹೃದಯದ ವೈದ್ಯರಿಗೂ ಹೇಳಲೇಬೇಕು. ವಾರ್ಫರಿನ್ ಆಗಲಿ, ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸೆನೊಕೌಮರಾಲ್ ಆಗಲಿ, ಕ್ಯಾಪೆಸಿಟಾಬಿನ್ ಜೊತೆ ಸೇರಿದಾಗ ರಕ್ತ ತೆಳುವಾಗಿಸುವ ಆ ಮಾತ್ರೆಯ ಬಲ ಏರಿ ರಕ್ತಸ್ರಾವವಾಗಬಹುದು. ವಾರ್ಫರಿನ್ ಜೊತೆ ಇದು ಆರಂಭಿಸಿದ ಕೆಲವೇ ದಿನಗಳಲ್ಲೂ ಆಗಿದೆ, ತಿಂಗಳುಗಳ ಮೇಲೂ ಆಗಿದೆ, ಕ್ಯಾಪೆಸಿಟಾಬಿನ್ ನಿಂತ ಒಂದು ತಿಂಗಳೊಳಗೂ ಆಗಿದೆ. ಐಎನ್‌ಆರ್ ಪರೀಕ್ಷೆಯನ್ನು (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವುದು) ಎಂದಿಗಿಂತ ಪದೇಪದೇ ಮಾಡಿಸಬೇಕಾಗುತ್ತದೆ. ಒಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಕಾಯಬೇಡಿ. ಫೆನಿಟೋಯಿನ್ ಮಟ್ಟವೂ ಏರುತ್ತದೆ; ನಡೆಯುವಾಗ ತೂರಾಟ, ತೊದಲು, ಕಣ್ಣು ಮಂಜಾಗುವುದು ಅದರ ಸೂಚನೆ, ಅದನ್ನು ಕೀಮೋ ಸುಸ್ತು ಎಂದು ತಳ್ಳಿಹಾಕಬಾರದು. ಕಿಡ್ನಿಯ ಕ್ರಿಯಾಟಿನಿನ್ ನೋಡಿಯೇ ಪ್ರಮಾಣ ಗೊತ್ತುಮಾಡುವುದರಿಂದ ಇತ್ತೀಚಿನ ವರದಿ ಇಲ್ಲದಿದ್ದರೆ ಮಾಡಿಸಿ. ಉಪವಾಸದ ಮಟ್ಟಿಗೆ, ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಮಾತ್ರೆ ಹೊಂದುವಂತೆ ತೋರಿದರೂ, ಭೇದಿ ಶುರುವಾದರೆ ಹಗಲಿಡೀ ನೀರಿಲ್ಲದೆ ಕಿಡ್ನಿ ಕೆಡುತ್ತದೆ. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇರುವುದರಿಂದ ನಿಮ್ಮ ಮಸೀದಿಯ ಇಮಾಮರೊಂದಿಗೂ ಮಾತಾಡಿ.

ಪುಟ್ಟಿಯ ಅಮ್ಮ, ಧಾರವಾಡ:

ನಮ್ಮ ಮಗಳದು ರಕ್ತದ ಕ್ಯಾನ್ಸರ್, ಈಗ ರೋಗ ಹತೋಟಿಗೆ ಬಂದ ಮೇಲಿನ ನಿರ್ವಹಣೆಯ ಹಂತದಲ್ಲಿದ್ದಾಳೆ. ಅವಳಿಗೆ ಮರ್ಕ್ಯಾಪ್ಟೋಪ್ಯೂರಿನ್ ದಿನವೂ, ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಈ "ವಾರಕ್ಕೊಮ್ಮೆ" ಎಂಬುದನ್ನು ಔಷಧ ಅಂಗಡಿಯವರೇ ಒಮ್ಮೆ "ದಿನಕ್ಕೊಮ್ಮೆ" ಎಂದು ಲಕೋಟೆಯ ಮೇಲೆ ಬರೆದುಕೊಟ್ಟಿದ್ದರು. ಮನೆಗೆ ಬಂದು ಫೈಲಿನೊಂದಿಗೆ ತಾಳೆ ನೋಡಿದ್ದರಿಂದ ತಿಳಿಯಿತು. ಆಮೇಲಿಂದ ನಾವು ಚೀಟಿಯಲ್ಲಿ ವಾರದ ಹೆಸರನ್ನೇ ಬರೆಸುತ್ತೇವೆ, "ಗುರುವಾರ ರಾತ್ರಿ ಮಾತ್ರ" ಎಂದು. ಕೀಲುನೋವಿಗೆ, ಸೋರಿಯಾಸಿಸ್‌ಗೆ ಇದೇ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವ ಅಜ್ಜ ಅಜ್ಜಿಯರ ಮನೆಯಲ್ಲಿಯೂ ಈ ಎಚ್ಚರ ಬೇಕು. ಮನೆಯಲ್ಲಿ ಯಾರಿಗಾದರೂ ಯೂರಿಕ್ ಆಮ್ಲಕ್ಕೆ ಅಲೊಪ್ಯೂರಿನಾಲ್ ಇದ್ದರೆ ಅದು ಮರ್ಕ್ಯಾಪ್ಟೋಪ್ಯೂರಿನ್ ಜೊತೆ ತಪ್ಪಿಯೂ ಬೆರೆಯದಂತೆ ದೂರವಿಡಿ ಎಂದು ನಮ್ಮ ವೈದ್ಯರು ಹೇಳಿದ್ದಾರೆ.

ಔಷಧಾಲಯದ ಕಿಟಕಿ, ಮೈಸೂರು:

ಸರಿಯಾದ ಮಾತು. ಅಲೊಪ್ಯೂರಿನಾಲ್ ಜೊತೆಯಾದರೆ ಮರ್ಕ್ಯಾಪ್ಟೋಪ್ಯೂರಿನ್ ಪ್ರಮಾಣವನ್ನು ಮೂರನೇ ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸಬೇಕಾಗುತ್ತದೆ. ಒಂದು ಮಾತ್ರೆಯ ನಿಯಮವನ್ನು ಇನ್ನೊಂದಕ್ಕೆ ಸಾಲ ಪಡೆಯಬಾರದು ಎಂಬುದಕ್ಕೆ ಮೆದುಳಿನ ಗಡ್ಡೆಗೆ ಕೊಡುವ ಟೆಮೊಜೊಲೊಮೈಡ್ ಒಳ್ಳೆಯ ಉದಾಹರಣೆ. ಅದನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ, ವಾಂತಿ ತಡೆಯುವ ಮಾತ್ರೆ ಮೊದಲು ನುಂಗಿ, ಮಲಗುವ ಹೊತ್ತಿಗೆ ತೆಗೆದುಕೊಳ್ಳುತ್ತಾರೆ. ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಕೊಡುವ ಇಮಾಟಿನಿಬ್ ಊಟದೊಂದಿಗೆ, ದೊಡ್ಡ ಲೋಟ ನೀರಿನೊಂದಿಗೆ. ಅದನ್ನು ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ತಿನ್ನಬಾರದು. ನಮ್ಮಲ್ಲಿ ಗ್ರೇಪ್‌ಫ್ರೂಟ್ ಯಾರು ತಿನ್ನುತ್ತಾರೆ ಎಂದು ನಗಬೇಡಿ, ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ಸಂಬಂಧಿ, ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುವ ಅದೇ ಬಗೆಯ ಅಂಶ ಅದರಲ್ಲಿಯೂ ಇದೆ.

ಹಿತ್ತಲ ಗಿಡ, ಶಿರಸಿ:

ಎಲ್ಲರೂ ಇಂಗ್ಲಿಷ್ ಮದ್ದಿನ ಮಾತೇ ಆಡುತ್ತಿದ್ದೀರಿ. ಕೀಮೋ ಉಷ್ಣ ಇಳಿಸಲು ಅಮೃತಬಳ್ಳಿ ಕಷಾಯವನ್ನು ನಮ್ಮ ಮನೆಯಲ್ಲಿ ಕೊಟ್ಟಿದ್ದೇವೆ, ಜೊತೆಗೆ ಅಶ್ವಗಂಧ. ಹಸಿರು ಸಸ್ಯದಿಂದ ಏನು ಕೆಡುಕಾಗುತ್ತದೆ?

ಔಷಧಾಲಯದ ಕಿಟಕಿ, ಮೈಸೂರು:

ನಿಮ್ಮ ನಂಬಿಕೆಯ ಬಗ್ಗೆ ನನಗೆ ಜಗಳವಿಲ್ಲ. ಆದರೆ 2021ರಲ್ಲಿ ಮುಂಬೈನ ಯಕೃತ್ ತಜ್ಞರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿ‌ನ ಹಾನಿಯನ್ನು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಅಶ್ವಗಂಧದ ಬಗ್ಗೆಯೂ ಅಂಥ ವರದಿಗಳಿವೆ. ಆ ವಾದ ಹೇಗೇ ತೀರ್ಮಾನವಾಗಲಿ, ನನ್ನ ತೊಡಕು ಬೇರೆ: ಕ್ಯಾಪೆಸಿಟಾಬಿನ್‌ನ ಪರಿವರ್ತನೆಯ ಮೊದಲ ಮೆಟ್ಟಿಲು ಯಕೃತ್ತಿನಲ್ಲೇ ಇದೆ. ಅಂಥ ಹೊತ್ತಿನಲ್ಲಿ ಯಕೃತ್ತಿನ ಸ್ಥಿತಿ ತೋರಿಸುವ ಬಿಲಿರುಬಿನ್ ರಕ್ತದಲ್ಲಿ ಏರಿದರೆ ಮಾತ್ರೆಯಿಂದಲೋ ಕಷಾಯದಿಂದಲೋ ರೋಗದಿಂದಲೋ ಎಂದು ವೈದ್ಯರು ಹೇಳಲಾರರು, ಸರಿಯಾಗಿ ನಡೆಯುತ್ತಿದ್ದ ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಮಜ್ಜಿಗೆ, ಗಂಜಿ, ಎಳನೀರು, ಇವುಗಳಿಗೆ ನನ್ನ ಆಕ್ಷೇಪವಿಲ್ಲ. ಕೊಡುತ್ತಿರುವ ಕಷಾಯವನ್ನು ವೈದ್ಯರಿಂದ ಮುಚ್ಚಿಡುವುದಕ್ಕೆ ಮಾತ್ರ ಆಕ್ಷೇಪವಿದೆ.

ಹೇಮಾವತಿ ದಂಡೆ, ಹಾಸನ:

ಎಲ್ಲರಿಗೂ ವಂದನೆಗಳು. ಟಾನಿಕ್‌ನಲ್ಲಿ ಫೋಲಿಕ್ ಆಮ್ಲ ಇದ್ದದ್ದು ನಿಜ, ನಿಲ್ಲಿಸಿದ್ದೇವೆ. ಮಾತ್ರೆ ಈಗ ನನ್ನ ಜವಾಬ್ದಾರಿ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆಯ ದಿನಗಳಿಗೆ ಕೆಂಪು, ವಿರಾಮದ ದಿನಗಳಿಗೆ ಹಸಿರು ಗುರುತು ಹಾಕಿ, ಪಕ್ಕದಲ್ಲಿ ಎಷ್ಟು ಸಲ ಹೊರಗೆ ಹೋದರು, ಜ್ವರ ಎಷ್ಟು ಎಂದು ಬರೆಯುತ್ತಿದ್ದೇವೆ. ಮೊದಲ ಸುತ್ತಿನ ಎರಡನೆಯ ವಾರದಲ್ಲಿ ಒಂದು ರಾತ್ರಿ ಅಮ್ಮ ಭೇದಿಗೆ ಎರಡು ಸಲ ಎದ್ದರು. ಬೆಳಿಗ್ಗೆ "ಮಾತ್ರೆ ಕೊಡು" ಎಂದು ಪಟ್ಟು ಹಿಡಿದಾಗ, ಫೋನಿನ ಸ್ಪೀಕರ್ ಹಾಕಿ ಡಾಕ್ಟರ ಬಾಯಿಂದಲೇ "ಬೇಡಮ್ಮ" ಎನಿಸಬೇಕಾಯಿತು. ಓಆರ್‌ಎಸ್ ಮತ್ತು ಅವರು ಹೇಳಿದ ಲೋಪೆರಮೈಡ್‌ನಿಂದ ಇಳಿಯಿತು. ಈಗ ಎರಡನೆಯ ಸುತ್ತಿಗೆ ಪ್ರಮಾಣ ಇಳಿಸಿದ್ದಾರೆ, ಆದ್ದರಿಂದ ಒಂದು ಸ್ಟ್ರಿಪ್‌ನಷ್ಟು ಮಾತ್ರೆ ಮಿಕ್ಕಿದೆ. ದುಬಾರಿ ಮದ್ದು, ಪಕ್ಕದ ಊರಿನಲ್ಲಿ ಇದೇ ಕಾಯಿಲೆಯ ಬಡವರೊಬ್ಬರಿದ್ದಾರೆ. ಕೊಡಬಹುದೇ?

ಔಷಧಾಲಯದ ಕಿಟಕಿ, ಮೈಸೂರು:

ನೇರವಾಗಿ ಅವರ ಕೈಗೆ ಕೊಡಬೇಡಿ. ಅವರ ಎತ್ತರ, ತೂಕ, ಕಿಡ್ನಿಗೆ ತಕ್ಕ ಪ್ರಮಾಣ ಬೇರೆ, ಅವರ ವಿರಾಮದ ವಾರ ಬೇರೆ, ಆಸ್ಪತ್ರೆಯ ಲೆಕ್ಕಕ್ಕೆ ಬಾರದ ಮಾತ್ರೆ ಮನೆಯಲ್ಲಿದ್ದರೆ ಎರಡರಷ್ಟು ನುಂಗುವ ಅಪಾಯವೂ ಇದೆ. ನಿಮ್ಮ ಪ್ರಮಾಣ ಇಳಿದಿದೆಯೇ ಹೊರತು ಮಾತ್ರೆ ಬದಲಾಗಿಲ್ಲವಾದ್ದರಿಂದ, ಅವಧಿ ಮುಗಿಯದಿದ್ದರೆ ಮುಂದಿನ ಸುತ್ತಿಗೆ ಅವನ್ನೇ ಬಳಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಅಷ್ಟು ಕಡಿಮೆ ಕೊಳ್ಳಿ. ಎಂಟೂ ಸುತ್ತು ಮುಗಿದ ಮೇಲೂ ಮಿಕ್ಕರೆ ಕಸಕ್ಕೂ ಶೌಚಾಲಯಕ್ಕೂ ಹಾಕದೆ, ಸ್ಟ್ರಿಪ್ ಸಮೇತ ಚೀಲದಲ್ಲಿ ಕಟ್ಟಿ, ಮದ್ದು ಕೊಟ್ಟ ಆಸ್ಪತ್ರೆಯ ಔಷಧಾಲಯಕ್ಕೆ ತಂದುಕೊಡಿ. ಪಕ್ಕದ ಊರಿನವರಿಗೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಅವರ ಚಿಕಿತ್ಸೆಗೆ ನೆರವಿದೆಯೇ ಎಂದು ಅವರು ತೋರಿಸುವ ಆಸ್ಪತ್ರೆಯಲ್ಲೇ ವಿಚಾರಿಸಲು ಹೇಳಿ.